ಕೊಕ್ಕೆ ಸರಿಯಿದ್ದಿದ್ದರೆ: ಸೈಕಲ್ ಕ್ಯಾರಿಯರ್ ಮತ್ತು ಜೋಡಿ ಬ್ಯಾಗು, ಎರಡೂವರೆ ವರ್ಷದ ಬಳಕೆ

ನಾಲ್ಕು ವರ್ಷ ಬೆನ್ನಿಗೆ ಬ್ಯಾಗು ಹಾಕಿಕೊಂಡೇ ತರಕಾರಿ ತರುತ್ತಿದ್ದೆ. ಮನೆ ಸೇರುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿರುತ್ತಿತ್ತು. ಎರಡೂವರೆ ವರ್ಷದ ಹಿಂದೆ ಮನಸ್ಸು ಮಾಡಿ ಅಲ್ಯೂಮಿನಿಯಂ ಕ್ಯಾರಿಯರ್ ಹಾಕಿಸಿದೆ, 1,600 ರೂಪಾಯಿ. ಎರಡೂ ಕಡೆ ನೇತುಹಾಕುವ ಜೋಡಿ ಬ್ಯಾಗಿಗೆ 4,500. ನನ್ನ ಮಟ್ಟಿಗೆ ಇದು ದೊಡ್ಡ ಖರ್ಚು.

ನಮ್ಮದು ಮೈಸೂರು. ಭಾನುವಾರ ಬೆಳಿಗ್ಗೆ ಆರೂವರೆಗೆ ದೇವರಾಜ ಮಾರುಕಟ್ಟೆಗೆ ಹೋಗುತ್ತೇನೆ. ಎಡಗಡೆ ಬ್ಯಾಗಿನ ತಳಕ್ಕೆ ತೆಂಗಿನಕಾಯಿ, ಅದರ ಮೇಲೆ ಈರುಳ್ಳಿ. ಬಲಗಡೆ ಆಲೂಗಡ್ಡೆ, ಬದನೆಕಾಯಿ, ಎಲ್ಲಕ್ಕಿಂತ ಮೇಲೆ ಟೊಮೆಟೊ. ಎರಡನ್ನೂ ಕೈಯಲ್ಲಿ ಎತ್ತಿ ನೋಡುತ್ತೇನೆ, ಒಂದು ಕಡೆ ಜಾಸ್ತಿಯಾದರೆ ಒಂದು ಕಾಯಿ ಆಚೆಗೆ. ಸೊಪ್ಪನ್ನು ಮಾತ್ರ ಒಳಗೆ ಹಾಕುವುದಿಲ್ಲ. ನೀರು ಒಳಗೆ ಬಾರದ ಬ್ಯಾಗಿನಿಂದ ಸೆಕೆಯೂ ಹೊರಗೆ ಹೋಗಲ್ಲ, ಕೊತ್ತಂಬರಿ ಬಾಡಿ ಹೋಗುತ್ತೆ. ಸೊಪ್ಪಿನ ಕಟ್ಟು ಕ್ಯಾರಿಯರ್ ಮೇಲೆ, ಹಳೇ ಟ್ಯೂಬಿನ ಪಟ್ಟಿಯಲ್ಲಿ ಬಿಗಿದು. ಮೊದಲ ದಿನ ಸೊಪ್ಪಿನ ಅಜ್ಜಿ ನೋಡಿ, "ಏನಪ್ಪಾ, ಹಸುಬೆ ಹಾಕ್ಕೊಂಡು ಬಂದಿದ್ದೀಯ?" ಎಂದರು. ಎತ್ತಿನ ಬೆನ್ನ ಮೇಲೆ ಎರಡೂ ಕಡೆ ಇಳಿಬಿಡುತ್ತಿದ್ದ ಚೀಲ ಹಸುಬೆ. ಇದಕ್ಕಿಂತ ಒಳ್ಳೆಯ ಹೆಸರು ನನಗೆ ಸಿಕ್ಕಿಲ್ಲ.

ಈಗ ಕೊಕ್ಕೆಯ ವಿಷಯ. ಬ್ಯಾಗಿನ ಕೊಕ್ಕೆಗಳು 16 ಮಿ.ಮೀ. ದಪ್ಪದ ಕಂಬಿಗೆ ಮಾಡಿದ್ದು. ನನ್ನ ಕ್ಯಾರಿಯರ್ ಕಂಬಿ 10 ಮಿ.ಮೀ. ಇಂಥ ಕೊಕ್ಕೆಯ ಜೊತೆ ಸಂದಿ ತುಂಬಿಸುವ ಪ್ಲಾಸ್ಟಿಕ್ ತುಂಡುಗಳು ಬರಬೇಕು, ನನ್ನ ಪೆಟ್ಟಿಗೆಯಲ್ಲಿ ಇರಲಿಲ್ಲ. ರಸ್ತೆಯ ಪ್ರತಿ ಉಬ್ಬಿಗೂ ಟಕ್, ಟಕ್. ಬರೀ ಸದ್ದಾಗಿದ್ದರೆ ಸುಮ್ನೆ ಇರುತ್ತಿದ್ದೆ. ಆರು ತಿಂಗಳಿಗೆ ಕಂಬಿಯ ಕಪ್ಪು ಬಣ್ಣ ಹೋಗಿ ಬೆಳ್ಳಗಿನ ಗೆರೆ ಬಿತ್ತು. ಉಗುರು ಆಡಿಸಿದರೆ ಪುಟ್ಟ ಹಳ್ಳ ತಗಲುತ್ತಿತ್ತು. ಅಲ್ಯೂಮಿನಿಯಂ ಹೀಗೆ ಸವೆಯುತ್ತಾ ಹೋದರೆ ಒಂದು ದಿನ ಮುರಿಯುತ್ತೆ, ಅಲ್ವಾ? ಮಾರಿದವರಿಗೆ ಬರೆದೆ. ಫೋಟೊ ಕೇಳಿದರು. ಕಳಿಸಿದೆ. ಆಮೇಲೆ ಉತ್ತರವೇ ಇಲ್ಲ. ಎರಡು ರೂಪಾಯಿಯ ಪ್ಲಾಸ್ಟಿಕ್ ತುಂಡಿಗಾಗಿ ಇಷ್ಟು ಒಳ್ಳೆಯ ಬ್ಯಾಗನ್ನು ಕೆಡಿಸಿದ್ದಾರಲ್ಲ ಎಂದು ಇವತ್ತಿಗೂ ಬೇಜಾರು.

ದಾರಿ ತೋರಿಸಿದ್ದು ಬೀದಿ ಕೊನೆಯ ಪಂಚರ್ ಅಂಗಡಿಯವರು. ಹಳೇ ಟ್ಯೂಬಿನಿಂದ ಎರಡು ಬೆರಳಗಲ ಪಟ್ಟಿ ಕತ್ತರಿಸಿದರು. ಎಳೆದೆಳೆದು ಕಂಬಿಗೆ ಮೂರು ಸುತ್ತು ಸುತ್ತಿದರು. ತುದಿಗೆ ಸಲ್ಯೂಷನ್ ಹಚ್ಚಿ, ಹೆಬ್ಬೆರಳಲ್ಲಿ ಒಂದು ನಿಮಿಷ ಒತ್ತಿ ಹಿಡಿದರು. ಕೊಕ್ಕೆ ಹಾಕಿದರೆ ಗಟ್ಟಿಯಾಗಿ ಕೂತಿತು. ದುಡ್ಡು ಬೇಡ ಎಂದರು.

ಕಳೆದ ಜುಲೈನಲ್ಲಿ ಇದೇ ಬ್ಯಾಗು ಕಟ್ಟಿಕೊಂಡು ಮಡಿಕೇರಿಗೆ ಹೊರಟೆ. ಹುಣಸೂರಿನವರೆಗೆ ಬರೀ ಮೋಡ. ಪಿರಿಯಾಪಟ್ಟಣ ದಾಟಿದ ಮೇಲೆ ಹಿಡಿದ ಮಳೆ ಕುಶಾಲನಗರದವರೆಗೂ ಬಿಡಲಿಲ್ಲ. ರೂಮು ಸೇರಿದಾಗ ನನ್ನ ಮೈಮೇಲೆ ಒಣಗಿದ ಜಾಗ ಇರಲಿಲ್ಲ. ಬ್ಯಾಗಿನ ಬಕಲ್ ತೆಗೆದು, ಸುರುಳಿ ಸುತ್ತಿ ಮುಚ್ಚಿದ್ದ ಬಾಯಿಯ ಮೂರು ಸುತ್ತು ಬಿಡಿಸಿದೆ. ಮೇಲಿದ್ದ ಟವೆಲ್ಲು ಬೆಚ್ಚಗೆ, ಒಣಗಿತ್ತು. ಅದರಲ್ಲಿ ಮುಖ ಒರೆಸಿಕೊಂಡಾಗ ಕೊಕ್ಕೆಯ ಮೇಲಿದ್ದ ಸಿಟ್ಟು ಅರ್ಧ ಇಳಿಯಿತು. ಮೂರು ಸುತ್ತು ಮುಖ್ಯ. ಒಮ್ಮೆ ಎರಡೇ ಸುತ್ತು ಹಾಕಿ ಅಕ್ಕಿಹಿಟ್ಟು ನೆನೆಸಿಕೊಂಡಿದ್ದೇನೆ.

ಮರುದಿನ ಸುಂಟಿಕೊಪ್ಪದ ಏರಿನಲ್ಲಿ ಗೊತ್ತಾಗಿದ್ದು, ಹಿಂದೆ 14 ಕೆಜಿ ಇದ್ದರೆ ಎದ್ದು ನಿಂತು ತುಳಿಯಬಾರದು. ಸೈಕಲ್ಲು ಓಲಾಡುತ್ತೆ. ಕೂತೇ, ಸಣ್ಣ ಗೇರಿನಲ್ಲಿ ಹತ್ತಬೇಕು. ಹಿಮ್ಮಡಿ ಬ್ಯಾಗಿಗೆ ತಾಗುತ್ತಿದ್ದರೆ ಕೊಕ್ಕೆಗಳನ್ನು ಒಂದಿಂಚು ಹಿಂದಕ್ಕೆ ಸರಿಸಿ. ಹೊರಡುವ ಮುಂಚೆ ಕ್ಯಾರಿಯರಿನ ಬೋಲ್ಟುಗಳನ್ನು 4 ಮಿ.ಮೀ. ಅಲೆನ್ ಕೀಯಿಂದ (ಆರು ಮೂಲೆಯ ಬಾಗಿದ ಕಡ್ಡಿಯಂಥ ಕೀಲಿ) ಒಮ್ಮೆ ಬಿಗಿ ಮಾಡಿ.

ಸೀಟಿನ ಕೆಳಗಿನ ಪೈಪಿಗಷ್ಟೇ ಕಚ್ಚಿಸುವ ಕ್ಯಾರಿಯರ್ ಅಗ್ಗ. ಆದರೆ ಅವು ಹೊರುವುದು ಹೆಚ್ಚಾಗಿ 10 ಕೆಜಿ ಆಸುಪಾಸು, ನನ್ನ ಭಾನುವಾರದ ತರಕಾರಿಗೇ ಸಾಲದು. ಹಿಂದಿನ ಚಕ್ರದ ಪಕ್ಕ ಫ್ರೇಮಿನಲ್ಲಿ ಬೋಲ್ಟು ಹಾಕುವ ತೂತು ಇದ್ದರೆ ಅಲ್ಲಿಗೇ ಕೂರುವಂಥದ್ದನ್ನು ಕೊಳ್ಳಿ. ನನ್ನದರ ಮೇಲೆ 25 ಕೆಜಿ ಎಂದು ಬರೆದಿದೆ.

ಇದೇ ಬ್ಯಾಗು ಮತ್ತೆ ಕೊಳ್ಳುತ್ತೇನಾ? ಕೊಳ್ಳುತ್ತೇನೆ, ಆದರೆ ಆನ್‌ಲೈನಿನಲ್ಲಿ ಬೇಡ. ಸೈಕಲ್ಲನ್ನೇ ಅಂಗಡಿಗೆ ತೆಗೆದುಕೊಂಡು ಹೋಗಿ, ಕೊಕ್ಕೆ ಸಿಕ್ಕಿಸಿ, ಕೈಯಲ್ಲಿ ಅಲ್ಲಾಡಿಸಿ ನೋಡಿ. ಟಕ್ ಎಂದರೆ ಆ ತುಂಡುಗಳನ್ನು ಕೇಳಿ ಪಡೆದು ಆಮೇಲೆ ದುಡ್ಡು ಕೊಡಿ.