ಸುಮೋ ಮತ್ತು ಪೈಥಾನ್: ಯಾರು ಯಾರಿಗಾಗಿ ಕಾಯಬೇಕು?

ನಾಲ್ಕು ರಸ್ತೆಗಳು ಕೂಡುವ ಒಂದು ವೃತ್ತದಲ್ಲಿ ಸಂಚಾರವನ್ನು ಸುಮೋ (ವಾಹನ ಸಂಚಾರವನ್ನು ಕಂಪ್ಯೂಟರಿನಲ್ಲಿ ಅನುಕರಿಸುವ, ಅಂದರೆ ಸಿಮ್ಯುಲೇಶನ್ ಮಾಡುವ ತಂತ್ರಾಂಶ) ನಡೆಸಬೇಕು, ನಿಂತ ವಾಹನಗಳನ್ನು ಎಣಿಸಿ ಹಸಿರು ದೀಪದ ಅವಧಿಯನ್ನು ಪೈಥಾನ್ ಭಾಷೆಯಲ್ಲಿ ನಾನು ಬರೆದ ಪುಟ್ಟ ಪ್ರೋಗ್ರಾಮ್, ಅಂದರೆ ಸ್ಕ್ರಿಪ್ಟ್, ನಿರ್ಧರಿಸಬೇಕು. ಇದಿಷ್ಟೇ ನನ್ನ ಮುಂದಿದ್ದ ಕೆಲಸ. ಜರ್ಮನಿಯ ಬಾಹ್ಯಾಕಾಶ ಸಂಶೋಧನಾ ಕೇಂದ್ರವಾದ ಡಿ.ಎಲ್.ಆರ್. ಸಂಸ್ಥೆಯಲ್ಲಿ ಹುಟ್ಟಿದ ಸುಮೋ ಕಾಲವನ್ನು ಹೆಜ್ಜೆ ಹೆಜ್ಜೆಯಾಗಿ ಮುಂದಕ್ಕೆ ಸರಿಸುತ್ತದೆ. ಬೇರೇನೂ ಹೇಳದಿದ್ದರೆ ಒಂದು ಹೆಜ್ಜೆಯೆಂದರೆ 1 ಸೆಕೆಂಡು. ಇವೆರಡನ್ನೂ ಜೋಡಿಸುವ ಮೂರು ವಿಧಾನಗಳನ್ನು ಒಂದೇ ವೃತ್ತದ ಮೇಲೆ ಪ್ರಯೋಗಿಸಿ ನೋಡಿದ್ದೇನೆ.

ಮೊದಲನೆಯದು ಟ್ರಾಸಿ, ಅಂದರೆ ಓಡುತ್ತಿರುವ ಸುಮೋಗೆ ಹೊರಗಿನಿಂದ ಆಜ್ಞೆ ಕೊಡುವ ವ್ಯವಸ್ಥೆ. ಇಲ್ಲಿ ಸುಮೋ ಮತ್ತು ಸ್ಕ್ರಿಪ್ಟ್ ಬೇರೆ ಬೇರೆ ಪ್ರೋಗ್ರಾಮ್‌ಗಳಾಗಿಯೇ ಉಳಿದು ಸಾಕೆಟ್ (ಎರಡು ಪ್ರೋಗ್ರಾಮ್‌ಗಳ ನಡುವಿನ ಸಂಪರ್ಕದ ಕೊಂಡಿ) ಮೂಲಕ ಮಾತನಾಡುತ್ತವೆ. ಸ್ಕ್ರಿಪ್ಟಿನಿಂದ ‘ಸಿಮ್ಯುಲೇಶನ್‌ಸ್ಟೆಪ್’ ಆಜ್ಞೆ ಬರುವವರೆಗೆ ಸುಮೋ ಕದಲುವುದಿಲ್ಲವಾದ್ದರಿಂದ, ಲೆಕ್ಕಕ್ಕೆ ಒಂದು ನಿಮಿಷ ಹಿಡಿದರೂ ವೃತ್ತದಲ್ಲಿ ಒಂದು ವಾಹನವೂ ಮುಂದೆ ಹೋಗಿರುವುದಿಲ್ಲ. ಹಾಗಿದ್ದರೂ ನಾನು ಎಡವಿದ್ದು ಇಲ್ಲಿಯೇ. ಹೆಜ್ಜೆಯ ಅಳತೆಯನ್ನು 0.1 ಸೆಕೆಂಡಿಗೆ ಇಳಿಸಿದ ಮೇಲೂ ನನ್ನ ಸ್ಕ್ರಿಪ್ಟ್ ಲೂಪಿನ (ಪ್ರತಿ ಹೆಜ್ಜೆಗೂ ಮತ್ತೆ ಓಡುವ ಭಾಗದ) ಸುತ್ತುಗಳನ್ನೇ ಸೆಕೆಂಡುಗಳೆಂದು ಎಣಿಸುತ್ತಿದ್ದುದರಿಂದ, 30 ಸೆಕೆಂಡಿನ ಹಸಿರು 3 ಸೆಕೆಂಡಿಗೇ ಮುಗಿದು ನಾಲ್ಕೂ ದಿಕ್ಕುಗಳಲ್ಲಿ ಸಾಲು ಬೆಳೆಯಿತು. ತಪ್ಪು ಹಸಿರಿನ ಅವಧಿಯನ್ನು ಲೆಕ್ಕಹಾಕುವ ಸೂತ್ರದಲ್ಲಿದೆಯೆಂದು ನಾನು ಎರಡು ದಿನ ಅದನ್ನೇ ತಿದ್ದುತ್ತ ಕುಳಿತಿದ್ದೆ. ಕಾಲವನ್ನು ಸುಮೋವಿನಿಂದಲೇ ಕೇಳಿ ಪಡೆಯಬೇಕು, ಸ್ಕ್ರಿಪ್ಟಿನಲ್ಲಿ ಪ್ರತ್ಯೇಕ ಗಡಿಯಾರ ಇರಬಾರದು.

ಇನ್ನೊಂದು ಸೂಕ್ಷ್ಮವೂ ಇದೆ. ಸ್ಕ್ರಿಪ್ಟಿಗೆ ಸಿಗುವ ವಾಹನಗಳ ಎಣಿಕೆ ಹಿಂದಿನ ಹೆಜ್ಜೆಯದ್ದು, ನಾವು ಬದಲಿಸಿದ ದೀಪಕ್ಕೆ ವಾಹನಗಳು ಸ್ಪಂದಿಸುವುದು ಮುಂದಿನ ಹೆಜ್ಜೆಯಲ್ಲಿ. ಆದ್ದರಿಂದ ದೀಪ ಬದಲಿಸಿದ ಕೂಡಲೇ ಮತ್ತೆ ಎಣಿಸಿ ಫಲಿತಾಂಶ ಹುಡುಕುವುದು ವ್ಯರ್ಥ. ಅಲ್ಲದೆ ಸೆಕೆಂಡಿಗೆ 0.1 ಮೀಟರಿಗಿಂತ ಕಡಿಮೆ ವೇಗವಿದ್ದರೆ ಮಾತ್ರ ಸುಮೋ ವಾಹನವನ್ನು ನಿಂತಿದೆಯೆಂದು ಪರಿಗಣಿಸುತ್ತದೆ. ನಮ್ಮೂರಿನ ಸ್ಕೂಟರುಗಳಂತೆ ಸಂದಿಯಲ್ಲಿ ತೆವಳುತ್ತ ಮುಂದೆ ಬರುವವು ಈ ಲೆಕ್ಕಕ್ಕೆ ಸಿಗುವುದೇ ಇಲ್ಲ.

ಟ್ರಾಸಿಯ ನಿಜವಾದ ಭಾರ ಸಂಭಾಷಣೆಯದು. 600 ವಾಹನಗಳ ವೇಗ ಮತ್ತು ಸ್ಥಾನವನ್ನು ಒಂದೊಂದಾಗಿ 3,600 ಹೆಜ್ಜೆಗಳ ಕಾಲ ಕೇಳಿದರೆ 43,20,000 ಪ್ರಶ್ನೋತ್ತರಗಳಾಗುತ್ತವೆ. ಬೇಕಾದ ಮಾಹಿತಿಗೆ ಮೊದಲೇ ಚಂದಾ ಹಾಕಿಟ್ಟು, ಪ್ರತಿ ಹೆಜ್ಜೆಯ ಕೊನೆಗೆ ಎಲ್ಲವನ್ನೂ ಒಟ್ಟಿಗೆ ಪಡೆಯುವ ವ್ಯವಸ್ಥೆ ಇದನ್ನು ಬಹಳ ಹಗುರಗೊಳಿಸುತ್ತದೆ.

ಎರಡನೆಯದಾದ ಲಿಬ್‌ಸುಮೋದಲ್ಲಿ ಸಾಕೆಟ್ಟೇ ಇಲ್ಲ. ಸುಮೋ ಒಂದು ಲೈಬ್ರರಿಯಾಗಿ (ಬೇರೆ ಪ್ರೋಗ್ರಾಮ್‌ನೊಳಗೆ ಸೇರಿಸಿಕೊಳ್ಳುವ ಕೋಡಿನ ಕಟ್ಟಾಗಿ) ಪೈಥಾನಿನೊಳಗೇ ಓಡುತ್ತದೆ. ಆಜ್ಞೆಗಳು ಬಹುತೇಕ ಅವೇ ಆಗಿರುವುದರಿಂದ ನಾನು ಬದಲಿಸಿದ್ದು ಲೈಬ್ರರಿಯನ್ನು ಸ್ಕ್ರಿಪ್ಟಿಗೆ ಕರೆತರುವ ಇಂಪೋರ್ಟ್ ಸಾಲೊಂದನ್ನು ಮಾತ್ರ, ವೇಗದ ವ್ಯತ್ಯಾಸವಂತೂ ಗಡಿಯಾರ ನೋಡದೆಯೇ ತಿಳಿಯುವಂತಿತ್ತು. ಆದರೆ ಸುಮೋ ಕುಸಿದರೆ ಸ್ಕ್ರಿಪ್ಟೂ ಅದರೊಡನೆ ಸಾಯುತ್ತದೆ. ಟ್ರಾಸಿಯಲ್ಲಿ ಎರಡು ಸ್ಕ್ರಿಪ್ಟುಗಳು ಒಂದೇ ಸಿಮ್ಯುಲೇಶನ್ನಿಗೆ ಸೇರಬಹುದು, ಇಬ್ಬರೂ ಹೆಜ್ಜೆಗೆ ಒಪ್ಪುವವರೆಗೆ ಸುಮೋ ಕಾಯುತ್ತದೆ. ಆ ಅನುಕೂಲ ಇಲ್ಲಿಲ್ಲ. ಪರದೆಯ ಮೇಲೆ ನೋಡುತ್ತ ತಪ್ಪು ಹುಡುಕುವಾಗ ನಾನು ಟ್ರಾಸಿಗೆ ಮರಳುತ್ತೇನೆ, ನೂರಾರು ಬಾರಿ ಓಡಿಸುವಾಗ ಲಿಬ್‌ಸುಮೋ ಬಳಸುತ್ತೇನೆ.

ಮೂರನೆಯದು, ಸಿಮ್ಯುಲೇಶನ್ನಿನ ಸ್ಥಿತಿಯನ್ನು ಕಡತವಾಗಿ ಉಳಿಸಿ, ಲೆಕ್ಕ ಮುಗಿದ ಬಳಿಕ ಅಲ್ಲಿಂದಲೇ ಮುಂದುವರಿಸುವುದು. ಪ್ರತಿ ಸೆಕೆಂಡಿನ ನಿಯಂತ್ರಣಕ್ಕೆ ಇದು ಸಲ್ಲದು. ಒಂದೇ ಕ್ಷಣದಿಂದ ಹೊರಟು 20, 30, 40 ಸೆಕೆಂಡಿನ ಹಸಿರುಗಳನ್ನು ತೂಗಿ ನೋಡುವುದಕ್ಕೆ ಮಾತ್ರ ಇದಕ್ಕಿಂತ ಸುಲಭವಾದುದನ್ನು ನಾನು ಕಾಣೆ. ಯಾದೃಚ್ಛಿಕ ಸಂಖ್ಯೆಗಳ ಸ್ಥಿತಿಯನ್ನೂ ಉಳಿಸುವಂತೆ ಸುಮೋಗೆ ಬೇರೆಯಾಗಿಯೇ ಹೇಳಬೇಕು. ಅದನ್ನು ಬಿಟ್ಟಿದ್ದಾಗ, ನಿಲ್ಲಿಸಿ ಮುಂದುವರಿಸಿದ ಓಟಕ್ಕೂ ನಿಲ್ಲದೆ ಓಡಿದ ಓಟಕ್ಕೂ ತಾಳೆಯಾಗಲಿಲ್ಲ.