ಓಲೆಗರಿಯಲ್ಲಿ ನನ್ನ ಹಣೆಬರಹ: 15 ವರ್ಷಗಳ ಲೆಕ್ಕ

ಓಲೆಗರಿ ಓದಿ ಭವಿಷ್ಯ ಹೇಳುವ ನಾಡಿಶಾಸ್ತ್ರಕ್ಕೆ ಅಂಕ ಮೊದಲೇ ಕೊಟ್ಟುಬಿಡುತ್ತೇನೆ. ಹಿಂದಿನದ್ದನ್ನು ಹೇಳಿದ್ದಕ್ಕೆ ಐದಕ್ಕೆ ಐದು, ಮುಂದಿನದ್ದನ್ನು ಹೇಳಿದ್ದಕ್ಕೆ ಐದಕ್ಕೆ ಒಂದು. ಆ ಐದಕ್ಕೆ ಐದು ಹೇಗೆ ಬಂತೆಂದು ನನಗೆ ತಿಳಿಯಲು ಒಂಬತ್ತು ವರ್ಷ ಬೇಕಾಯಿತು.

2009ರಲ್ಲಿ, ನನಗೆ 39 ತುಂಬಿದ್ದಾಗ, ಭಾವನವರ ಒತ್ತಾಯಕ್ಕೆ ತಮಿಳುನಾಡಿನ ವೈತೀಶ್ವರನ್ ಕೋಯಿಲ್‌ಗೆ ಹೋದೆ. ಅಂಗಾರಕನ ಕ್ಷೇತ್ರ ಅದು. ಆದರೆ ಬೀದಿಯಲ್ಲಿ ಕಣ್ಣಿಗೆ ಹೊಡೆಯುವುದು ನಾಡಿಶಾಸ್ತ್ರದ ಫಲಕಗಳೇ. ಗಂಡಸರದು ಬಲ ಹೆಬ್ಬೆರಳು, ಹೆಂಗಸರದು ಎಡ. ಗುರುತು ಒತ್ತಿಸಿಕೊಂಡು, ಅದರ ರೇಖೆಗೆ ಹೊಂದುವ ಗರಿಗಳ ಕಟ್ಟನ್ನು ಒಳಗಿನಿಂದ ತರುತ್ತಾರೆ. ಅಗಸ್ತ್ಯ ಮುನಿಗಳು ನಮಗೆಂದೇ ನುಡಿದ ಗರಿ ಅದರಲ್ಲಿರಬೇಕು. ನನ್ನದು ಎರಡನೆಯ ಕಟ್ಟಿನಲ್ಲಿ ಸಿಕ್ಕಿತು. ಅಪ್ಪ, ಅಮ್ಮ, ಹೆಂಡತಿಯ ಹೆಸರುಗಳನ್ನು ಹಳೆಯ ತಮಿಳಿನಲ್ಲಿ ರಾಗವಾಗಿ ಓದಿದಾಗ ಮೈ ಜುಮ್ಮೆಂದಿತು. ಭವಿಷ್ಯವನ್ನು ನೋಟುಪುಸ್ತಕದಲ್ಲಿ ಬರೆದುಕೊಟ್ಟರು. ಪೂರ್ವಜನ್ಮದ ಪಾಪಕ್ಕೆ ಶಾಂತಿ ಕಾಂಡವೆಂಬ ಅಧ್ಯಾಯ ಬೇರೆ. ಅದರ ಪರಿಹಾರಕ್ಕೆ ಎಂಟು ಸಾವಿರ ರೂಪಾಯಿ. ಕೊಟ್ಟೆ.

ಆ ಪುಸ್ತಕವನ್ನು ಪಂಚಾಂಗದ ಜೊತೆಗಿಟ್ಟು, ಪ್ರತಿ ಯುಗಾದಿಗೆ ತೆಗೆದು ಪೆನ್ಸಿಲ್ಲಿನಲ್ಲಿ ಗುರುತು ಹಾಕುತ್ತ ಬಂದೆ. ಇಂತಿಷ್ಟನೆಯ ವಯಸ್ಸಿನಲ್ಲಿ ಎಂದು ಖಚಿತವಾಗಿ ಹೇಳಿ, ಈಗಾಗಲೇ ಅವಧಿ ಮುಗಿದಿರುವ ಮಾತುಗಳು 23. ನಿಜವಾದದ್ದು ನಾಲ್ಕು. ಸ್ವಂತ ಮನೆ, ಬಡ್ತಿ, ಹೊಸ ವಾಹನ: ನಲವತ್ತರ ಆಸುಪಾಸಿನ ಸಂಬಳಗಾರನಿಗೆ ಇವನ್ನು ಹೇಳಲು ಮುನಿಗಳೇ ಬೇಕಿಲ್ಲ. ನಾಲ್ಕನೆಯದು 47ರಲ್ಲಿ ಎಡಗಾಲಿಗೆ ಪೆಟ್ಟು. ಬಚ್ಚಲಿನಲ್ಲಿ ಜಾರಿ ಬಿದ್ದು ಎಡಗಾಲೇ ಮುರಿಯಿತು. ಇದನ್ನು ಪೂರ್ತಿ ಅವರ ಖಾತೆಗೇ ಬರೆದಿದ್ದೇನೆ.

ವೈದ್ಯನಾಗಬೇಕಿದ್ದ ಮಗ ಲೆಕ್ಕಪತ್ರ ಬರೆಯುತ್ತಾನೆ. 45ರ ವಿದೇಶ ಪ್ರಯಾಣ ನಡೆಯಲಿಲ್ಲ. (ಪಶುಪತಿನಾಥನ ಯಾತ್ರೆಯನ್ನೇ ಲೆಕ್ಕಕ್ಕೆ ಹಿಡಿ ಎಂದರು ಭಾವ. ನೇಪಾಳಕ್ಕೆ ಹೋದದ್ದು 49ರಲ್ಲಿ.) ‘ಮಾತೃಸೌಖ್ಯ’ ಎಂದು ಬರೆದಿದ್ದ ವರ್ಷವೇ ಅಮ್ಮ ತೀರಿಕೊಂಡರು. ಆ ಸಾಲಿನ ಮುಂದೆ ಗುರುತು ಹಾಕಲು ಎರಡು ಯುಗಾದಿ ಕೈ ಬರಲಿಲ್ಲ.

2018ರಲ್ಲಿ ಅದೇ ಊರಿನ ಬೇರೊಂದು ಕೇಂದ್ರಕ್ಕೆ ಹೋದೆ, ಜೇಬಿನ ಮೊಬೈಲಿನಲ್ಲಿ ಧ್ವನಿಮುದ್ರಣ ಶುರುಮಾಡಿಕೊಂಡೇ. ಅವರು ಮುದ್ರಿಸಿಕೊಡುವುದು ಗರಿ ಸಿಕ್ಕಿದ ಮೇಲಿನ ಓದನ್ನು ಮಾತ್ರ. ಅದಕ್ಕೆ ಮುಂಚಿನ ಮುಕ್ಕಾಲು ಗಂಟೆ ನನ್ನ ಬಳಿ ಇದೆ. ತಂದೆಯದು ದೇವರ ಹೆಸರೇ? ಹೌದು. ವಿಷ್ಣುವಿನದೇ? ಅಲ್ಲ. ಮೂರಕ್ಷರವೇ? ಅಲ್ಲ, ನಾಲ್ಕು. ಕೊನೆಯಲ್ಲಿ ‘ಅಪ್ಪ’ ಬರುತ್ತದೆಯೇ? ಒಂದೊಂದು ‘ಅಲ್ಲ’ಕ್ಕೂ ಒಂದು ಗರಿ ಮಗುಚುತ್ತಾರೆ. ಎಣಿಸಿದೆ, 61 ಪ್ರಶ್ನೆ. ದುಭಾಷಿ ಊರು, ಮನೆದೇವರು ಎಂದು ಸುಮ್ಮನೆ ವಿಚಾರಿಸುತ್ತಿದ್ದಾಗ ಅಮ್ಮನ ಹೆಸರನ್ನು ನಾನೇ ಹೇಳಿಬಿಟ್ಟಿದ್ದೇನೆ. ಹೇಳಿದ ನೆನಪೇ ನನಗಿರಲಿಲ್ಲ. ಸ್ವಲ್ಪ ಹೊತ್ತಿಗೆ ಅದೇ ಹೆಸರು ಪದ್ಯವಾಗಿ ಹೊರಬರುತ್ತದೆ, ನಾನು ಬೆರಗಿನಿಂದ ‘ಅಯ್ಯೋ’ ಎನ್ನುವುದೂ ಕೇಳಿಸುತ್ತದೆ.

ಮೊದಲ ಗರಿಯಲ್ಲಿ ಪೂರ್ವಜನ್ಮದ ಕಾಂಚಿಯ ವ್ಯಾಪಾರಿಯಾಗಿದ್ದವನು ಎರಡನೆಯದರಲ್ಲಿ ತಿರುವಣ್ಣಾಮಲೈಯ ಅರ್ಚಕನಾದೆ. ಆಯುಷ್ಯ 78 ಇದ್ದದ್ದು 84ಕ್ಕೆ ಏರಿತು. ಎರಡೂ ಅಗಸ್ತ್ಯರ ವಾಕ್ಯವೇ.

ಪ್ರಶ್ನೆ ಕೇಳಲು ಬಿಡದಿದ್ದರೆ ಏನಾಗುತ್ತದೆ? ಖಭೌತ ವಿಜ್ಞಾನಿ ಜಯಂತ ನಾರ್ಳೀಕರ್ 2008ರಲ್ಲಿ ಜಾತಕ ನೋಡುವವರಿಗೆ ಒಡ್ಡಿದ ಪರೀಕ್ಷೆ ಅದನ್ನೇ ತೋರಿಸಿತು. 27 ಜ್ಯೋತಿಷಿಗಳಿಗೆ ತಲಾ 40 ಜಾತಕ; ಜಾಣ ಮಗುವಿನದು ಯಾವುದು, ಬುದ್ಧಿಮಾಂದ್ಯ ಮಗುವಿನದು ಯಾವುದು ಹೇಳಬೇಕು. ಕೈಯಲ್ಲಿ ಜಾತಕವಷ್ಟೇ, ಎದುರಿಗೆ ತಲೆಯಾಡಿಸುವ ನನ್ನಂಥವನಿಲ್ಲ. ಸರಿಯುತ್ತರ ಶೇ. 46 ಬಂತು. ನಾಣ್ಯ ಚಿಮ್ಮಿದ್ದರೂ ಅರ್ಧ ಬರುತ್ತಿತ್ತು.

ಉಪಚಾರದಲ್ಲಿ ಎರಡೂ ಕಡೆ ಕೊರತೆಯಿಲ್ಲ, ಕಾಫಿ ಚೆನ್ನಾಗಿತ್ತು. ಕಳೆದ ತಿಂಗಳು ಪಕ್ಕದ ಮನೆಯವರು ವಿಳಾಸ ಕೇಳಿದರು. ಕೊಟ್ಟೆ. ಹೋಗುವಾಗ ಮೊಬೈಲಿನಲ್ಲಿ ಪೂರ್ತಿ ಚಾರ್ಜ್ ಇರಲಿ ಎಂದೂ ಹೇಳಿದೆ.