ಬೂಟ್‌ಲೋಡರ್‌ನಲ್ಲಿ ಹ್ಯಾಶ್: ಡಿಎಂಎ, ಪೋಲಿಂಗ್, ಸಾಫ್ಟ್‌ವೇರ್ ಪೈಕಿ ಪಂಪ್ ಶೆಡ್ಡಿನ ಬೋರ್ಡಿಗೆ ಯಾವುದು?

ಮೊದಲೇ ಹೇಳಿಬಿಡುತ್ತೇನೆ: ಚಿಪ್‌ನೊಳಗೆ ಹ್ಯಾಶ್ (ದತ್ತದ ಬೆರಳಚ್ಚಿನಂಥ ಸಂಖ್ಯೆ) ತೆಗೆಯುವ ಹಾರ್ಡ್‌ವೇರ್ ಇದ್ದರೆ ಬೂಟ್‌ಲೋಡರ್‌ನಲ್ಲಿ (ಬೋರ್ಡ್ ಎದ್ದೊಡನೆ ಮೊದಲು ಓಡುವ ಪುಟ್ಟ ಪ್ರೋಗ್ರಾಂ) ಅದನ್ನು ಬಳಸಿ, ಆದರೆ ದತ್ತ ತುಂಬಿಸುವ ಕೆಲಸ ಡಿಎಂಎಗೆ (ಸಿಪಿಯು ಕೈಹಾಕದೆ ದತ್ತ ಸಾಗಿಸುವ ಘಟಕ) ಕೊಡಬೇಡಿ. ಸಿಪಿಯುನಿಂದಲೇ ಒಂದೊಂದು ವರ್ಡ್ (4 ಬೈಟ್) ಬರೆದು ತುಂಬಿಸಿ; ಇದೇ ಪೋಲಿಂಗ್. ಸಿಂಧನೂರು, ಮಾನ್ವಿ ಕಡೆಯ ಗದ್ದೆಗಳಲ್ಲಿ ಕೂರುವ ಪಂಪ್ ಕಂಟ್ರೋಲರ್‌ಗೆ ಇದಕ್ಕಿಂತ ನೆಮ್ಮದಿಯ ದಾರಿ ನನಗೆ ಕಂಡಿಲ್ಲ. ಅಲ್ಲಿ ತ್ರೀ ಫೇಸ್ ಕರೆಂಟ್ ಬಂದಾಗಲೆಲ್ಲ ಬೋರ್ಡ್ ಹೊಸದಾಗಿ ಬೂಟ್ ಆಗುತ್ತದೆ, ಪ್ರತಿ ಸಲವೂ ಫರ್ಮ್‌ವೇರ್‌ನ (ಬೋರ್ಡ್ ಓಡಿಸುವ ಪ್ರೋಗ್ರಾಂ) ಎಸ್‌ಎಚ್‌ಎ-256 ಹ್ಯಾಶ್ ತಾಳೆಯಾಗಬೇಕು. ತಾಳೆ ತಪ್ಪಿದರೆ ಮೋಟರ್ ಎದ್ದೇಳುವುದಿಲ್ಲ, ರಾಯಚೂರಿನಿಂದ ಲ್ಯಾಪ್‌ಟಾಪ್ ಹೊತ್ತು ಹೋಗಬೇಕು.

ಹೋಲಿಕೆಗೆ ಇಟ್ಟುಕೊಂಡಿದ್ದು ಎಸ್‌ಟಿಎಂ32 ಎಚ್753 ಚಿಪ್, 512 ಕೆಬಿ ಫರ್ಮ್‌ವೇರ್ ಇಮೇಜ್. ಮೂರು ದಾರಿ: ಹಾರ್ಡ್‌ವೇರ್ ಜೊತೆ ಡಿಎಂಎ, ಹಾರ್ಡ್‌ವೇರ್ ಜೊತೆ ಪೋಲಿಂಗ್, ಬರೀ ಸಾಫ್ಟ್‌ವೇರ್.

ಕೊಳ್ಳುವ ಮುನ್ನ ಚಿಪ್‌ನ ಹೆಸರು ಪೂರ್ತಿ ಓದಿ. ಎಚ್743 ಮತ್ತು ಎಚ್753 ಪಿನ್‌ಗೆ ಪಿನ್ ಒಂದೇ, ಆದರೆ 743ರಲ್ಲಿ ಹ್ಯಾಶ್ ಬ್ಲಾಕ್ ಇಲ್ಲವೇ ಇಲ್ಲ. ಎಫ್4 ಸರಣಿಯಲ್ಲೂ ಇದೇ ಕಥೆ: ಎಫ್407ರಲ್ಲಿ ಇಲ್ಲ, ಎಫ್417ರಲ್ಲಿ ಇದ್ದರೂ ಎಸ್‌ಎಚ್‌ಎ-1 ಮತ್ತು ಎಂಡಿ5 ಎಂಬ ಹಳೆಯ ಹ್ಯಾಶ್‌ಗಳು ಮಾತ್ರ, ಎಸ್‌ಎಚ್‌ಎ-256 ಬೇಕೆಂದರೆ ಎಫ್437 ಅಥವಾ ಎಫ್439.

ಈಗ ಡಿಎಂಎ ವಿಷಯ. ಕಾಗದದ ಮೇಲೆ ಇದೇ ಎಲ್ಲಕ್ಕಿಂತ ಚೆನ್ನ. ವಾಸ್ತವದಲ್ಲಿ ಇದರ ಮೊದಲ ತೊಂದರೆಯೇ ಹಿಡಿತಕ್ಕೆ ಸಿಗದ ತೊಂದರೆ: ಒಮ್ಮೆ ಹ್ಯಾಶ್ ಸರಿ, ಇನ್ನೊಮ್ಮೆ ತಪ್ಪು. ಇಮೇಜ್ ಅದೇ, ಬೋರ್ಡ್ ಅದೇ. ನಡುವೆ ಒಂದು ಪ್ರಿಂಟ್ ಸಾಲು ಹಾಕಿದರೆ ಸರಿಹೋಗುತ್ತದೆ, ತೆಗೆದರೆ ಮತ್ತೆ ಕೆಡುತ್ತದೆ.

ಕಾರಣ ಡಿ-ಕ್ಯಾಶ್, ಅಂದರೆ ಸಿಪಿಯು ದತ್ತವನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ವೇಗದ ಮೆಮೊರಿ. ಮೋಡೆಮ್‌ನಿಂದ ಬಂದ ಇಮೇಜ್ ತುಂಡನ್ನು ಸಿಪಿಯು ಹೆಕ್ಸ್ 24000000 ವಿಳಾಸದಲ್ಲಿರುವ ಎಎಕ್ಸ್‌ಐ ರ‍್ಯಾಮ್‌ಗೆ ಬರೆಯುತ್ತದೆ. ಆ ಪ್ರದೇಶ ಮೂಲ ಸೆಟ್ಟಿಂಗ್‌ನಲ್ಲಿ ರೈಟ್-ಬ್ಯಾಕ್, ಅಂದರೆ ಬರೆದದ್ದು ಮೊದಲು ಕ್ಯಾಶ್‌ನಲ್ಲೇ ಉಳಿಯುತ್ತದೆ. ಡಿಎಂಎ ಕ್ಯಾಶ್ ನೋಡುವುದಿಲ್ಲ, ನೇರ ರ‍್ಯಾಮ್ ಓದುತ್ತದೆ. ಅಲ್ಲಿ ಇನ್ನೂ ಹಳೆಯ ದತ್ತ ಕೂತಿರುತ್ತದೆ. ಡಿ-ಕ್ಯಾಶ್ ಇರುವುದು 16 ಕೆಬಿ. 64 ಕೆಬಿ ಬಫರ್ ಆದರೆ ಮೊದಲು ಬರೆದ ಬಹುಭಾಗ ಜಾಗ ಸಾಲದೆ ತಾನಾಗಿ ರ‍್ಯಾಮ್‌ಗೆ ಇಳಿದಿರುತ್ತದೆ, ಕೊನೆಗೆ ಬರೆದದ್ದು ಮಾತ್ರ ಕ್ಯಾಶ್‌ನಲ್ಲಿ ಸಿಕ್ಕಿಬಿದ್ದಿರುತ್ತದೆ. ಪ್ರಿಂಟ್ ಸಾಲು ಕ್ಯಾಶ್‌ನ ಒಂದಷ್ಟು ಸಾಲನ್ನು ಹೊರಗೆ ತಳ್ಳುವುದರಿಂದಲೇ ತಪ್ಪು ಮಾಯವಾದಂತೆ ಕಾಣುವುದು. ಡೀಬಗರ್ ಇಲ್ಲಿ ದಾರಿ ತಪ್ಪಿಸುತ್ತದೆ: ಈ ಚಿಪ್‌ನ ಕೋರ್ ಆದ ಕಾರ್ಟೆಕ್ಸ್-ಎಂ7ನಲ್ಲಿ ಅದು ಕೋರ್‌ನ ಕ್ಯಾಶ್ ಮೂಲಕವೇ ಮೆಮೊರಿ ಓದುತ್ತದೆ, ಹಾಗಾಗಿ ವಿಂಡೋದಲ್ಲಿ ಪ್ರತಿ ಬೈಟೂ ಸರಿ ಕಾಣುತ್ತದೆ.

ಖಚಿತ ಮಾಡಿಕೊಳ್ಳುವ ಬಗೆ: ಬಫರ್ ಪೂರ್ತಿ ಹೆಕ್ಸ್ 55 ತುಂಬಿ ಕ್ಯಾಶ್ ಕ್ಲೀನ್ ಮಾಡಿ (ಅದರಲ್ಲಿರುವುದನ್ನು ರ‍್ಯಾಮ್‌ಗೆ ಬರೆಸಿ). ಆಮೇಲೆ ಮೇಲಿನಿಂದ ಹೆಕ್ಸ್ 33 ತುಂಬಿ, ಈ ಸಲ ಕ್ಲೀನ್ ಮಾಡದೆ ಡಿಎಂಎ ಹ್ಯಾಶ್ ತೆಗೆಯಿರಿ. ಬಫರ್ 4 ಕೆಬಿ ಇರಲಿ. ಉತ್ತರ 55ರ ಹ್ಯಾಶ್‌ಗೆ ಹೊಂದಿದರೆ, ಅಥವಾ ಎರಡಕ್ಕೂ ಹೊಂದದಿದ್ದರೆ, ಕಳ್ಳ ಸಿಕ್ಕಂತೆ. ಪರಿಹಾರ ಡಿಎಂಎ ಶುರುವಾಗುವ ಮುನ್ನ ಆ ವಿಳಾಸಗಳಿಗೆ ಡಿ-ಕ್ಯಾಶ್ ಕ್ಲೀನ್; ಕ್ಯಾಶ್‌ನ ಒಂದು ಸಾಲು 32 ಬೈಟ್, ಆದ್ದರಿಂದ ಬಫರ್ ಆರಂಭವೂ ಉದ್ದವೂ 32ರ ಗುಣಕವಾಗಿರಲಿ. ಇಲ್ಲವೇ ಎಂಪಿಯುನಲ್ಲಿ (ಮೆಮೊರಿ ಪ್ರದೇಶಗಳ ನಿಯಮ ಇಡುವ ಘಟಕ) ಆ ತುಂಡನ್ನು ಕ್ಯಾಶ್ ಆಗದ ಪ್ರದೇಶ ಎಂದು ಗುರುತಿಸಿ. ಚಿಪ್ ಕಂಪನಿಯ ಲೈಬ್ರರಿ ಎಚ್‌ಎಎಲ್‌ನ ಡಿಎಂಎ ಫಂಕ್ಷನ್ ಈ ಕೆಲಸ ತಾನಾಗಿ ಮಾಡುವುದಿಲ್ಲ.

ಇಷ್ಟಾದರೂ ಮುಗಿಯಲಿಲ್ಲ. ಮೆಮೊರಿಯಲ್ಲಿ ಯಾವುದು ಎಲ್ಲಿ ಎಂದು ಹೇಳುವ ಲಿಂಕರ್ ಸ್ಕ್ರಿಪ್ಟ್ ಸ್ಟ್ಯಾಕನ್ನು ಹೆಕ್ಸ್ 20000000ರ ಡಿಟಿಸಿಎಂನಲ್ಲಿ (ಕೋರ್‌ಗೆ ನೇರ ಜೋಡಿಸಿದ ರ‍್ಯಾಮ್) ಇಟ್ಟಿದ್ದರೆ, ಫಂಕ್ಷನ್ ಒಳಗಿನ ಲೋಕಲ್ ಬಫರ್ ಅಲ್ಲೇ ಕೂರುತ್ತದೆ. ಡಿಎಂಎ1, ಡಿಎಂಎ2 ಎರಡಕ್ಕೂ ಡಿಟಿಸಿಎಂ ಎಟುಕದು. ಟ್ರಾನ್ಸ್‌ಫರ್ ಎರರ್ ಫ್ಲ್ಯಾಗ್ ಏರುತ್ತದೆ, ಅದನ್ನು ನೋಡದ ಕೋಡ್ ಡೈಜೆಸ್ಟ್‌ಗಾಗಿ (ಹ್ಯಾಶ್‌ನ ಉತ್ತರ) ಕಾಯುತ್ತಲೇ ಇರುತ್ತದೆ. ಬಫರನ್ನು ಹೆಕ್ಸ್ 30000000ರ ಡಿ2 ರ‍್ಯಾಮ್‌ಗೆ ಎತ್ತಿದರೆ ಆ ರ‍್ಯಾಮ್‌ನ ಕ್ಲಾಕ್ ಮೊದಲು ಆನ್ ಮಾಡಬೇಕು. ಬೂಟ್‌ಲೋಡರ್ ಎಂದರೆ ಕಡಿಮೆ ಕೋಡ್, ಕಡಿಮೆ ಊಹೆ ಇರಬೇಕಾದ ಜಾಗ. ಅಲ್ಲಿ ಇಷ್ಟೊಂದು ಷರತ್ತು ಯಾಕೆ ಹೊರಬೇಕು?

ಪೋಲಿಂಗ್‌ನಲ್ಲಿ ಈ ಎರಡೂ ರಗಳೆ ಇಲ್ಲ. ಸಿಪಿಯು ತಾನೇ ಬರೆದದ್ದನ್ನು ತಾನೇ ಓದಿ ಡೇಟಾ ಇನ್ ರಿಜಿಸ್ಟರ್‌ಗೆ ಹಾಕುತ್ತದೆ. ಎಸ್‌ಪಿಐ ಫ್ಲ್ಯಾಶ್‌ನಿಂದ ಬಫರ್‌ಗೆ ದತ್ತ ತರುವುದು ಡಿಎಂಎ ಆಗಿದ್ದರೆ ಮಾತ್ರ ಓದುವ ಮುನ್ನ ಕ್ಯಾಶ್ ಇನ್‌ವ್ಯಾಲಿಡೇಟ್ (ಹಳೆಯ ನಕಲು ಬಿಸಾಡುವುದು) ಬೇಕು. ಹಾರ್ಡ್‌ವೇರ್ 64 ಬೈಟ್‌ನ ಒಂದು ಬ್ಲಾಕ್ ಮುಗಿಸಲು ನೂರು ಕ್ಲಾಕ್ ಕೂಡ ತೆಗೆದುಕೊಳ್ಳುವುದಿಲ್ಲ. 512 ಕೆಬಿ ಎಂದರೆ 8192 ಬ್ಲಾಕ್. ತುಂಬಿಸುವುದೂ ಸೇರಿ ಬ್ಲಾಕಿಗೆ 200 ಕ್ಲಾಕ್ ಎಂದು ಧಾರಾಳವಾಗಿ ಹಿಡಿದರೂ, ಕ್ಲಾಕ್ ವೇಗ ಹೆಚ್ಚಿಸುವ ಪಿಎಲ್‌ಎಲ್ ಹಚ್ಚದೆ 64 ಮೆಗಾಹರ್ಟ್ಸ್ ಒಳಗಿನ ಆಸಿಲೇಟರ್‌ನಲ್ಲೇ ಸುಮಾರು 26 ಮಿಲಿಸೆಕೆಂಡ್. ಮೋಟರ್ ಸ್ಟಾರ್ಟರ್‌ಗೆ ಇದು ಲೆಕ್ಕಕ್ಕೇ ಇಲ್ಲ.

ಇಲ್ಲಿ ಬರುವ ತಪ್ಪುಗಳು ಪ್ರತಿ ಸಲವೂ ಒಂದೇ ಥರ ಬರುತ್ತವೆ, ಹಾಗಾಗಿ ಹಿಡಿಯುವುದು ಸುಲಭ. "ಎಬಿಸಿ" ಎಂಬ ಮೂರು ಸಣ್ಣಕ್ಷರಗಳ ಹ್ಯಾಶ್ ಬಿಎ 78 16 ಬಿಎಫ್ ಎಂದು ಶುರುವಾಗಿ 00 15 ಎಡಿ ಎಂದು ಮುಗಿಯಬೇಕು. ಅದೇ ತಪ್ಪಿದರೆ ಬೈಟ್ ಕ್ರಮದ ಸೆಟ್ಟಿಂಗ್ ಆದ ಡೇಟಾಟೈಪ್ 8 ಬಿಟ್‌ಗೆ (ಬೈನರಿ 10) ಇದೆಯೇ ನೋಡಿ, ಆಮೇಲೆ ಕೊನೆಯ ವರ್ಡ್‌ನಲ್ಲಿ ಎಷ್ಟು ಬಿಟ್ ಲೆಕ್ಕಕ್ಕೆ ಎಂದು ಹೇಳುವ ಎನ್‌ಬಿಎಲ್‌ಡಬ್ಲ್ಯು ನೋಡಿ. ಮೂರು ಬೈಟಿಗೆ ಅದು 24, ವರ್ಡ್ ಪೂರ್ತಿ ತುಂಬಿದ್ದರೆ 0. ಮೊದಲ 20 ಬೈಟ್ ಸರಿ, ಕೊನೆಯ 12 ಕಸ ಎಂದಾದರೆ ಡೈಜೆಸ್ಟನ್ನು ಆಫ್‌ಸೆಟ್ ಹೆಕ್ಸ್ 0ಸಿಯಿಂದ ಎಂಟು ವರ್ಡ್ ಓದುತ್ತಿದ್ದೀರಿ. ಅಲ್ಲಿ ಐದೇ ಇರುವುದು, ಆರನೆಯದು ಇಂಟರಪ್ಟ್ ರಿಜಿಸ್ಟರ್. ಎಂಟೂ ಬೇಕೆಂದರೆ ಹೆಕ್ಸ್ 310ರಿಂದ ಓದಿ, ಪ್ರತಿ ವರ್ಡ್‌ನ ಬೈಟ್ ಕ್ರಮ ತಿರುಗಿಸಿ. "ಎಬಿಸಿ" ಸರಿ ಬಂದು ದೊಡ್ಡ ಇಮೇಜ್ ಮಾತ್ರ ಸದಾ ತಪ್ಪಿದರೆ ತುಂಡಿನ ಉದ್ದ ನೋಡಿ: ಎಚ್‌ಎಎಲ್‌ನ ಅಕ್ಯುಮುಲೇಟ್ ಫಂಕ್ಷನ್‌ಗೆ ಕೊನೆಯ ತುಂಡು ಬಿಟ್ಟು ಉಳಿದವೆಲ್ಲ 4ರ ಗುಣಕವೇ ಆಗಬೇಕು. ಎಂಸಿಯುಬೂಟ್ ಎಂಬ ಸಿದ್ಧ ಬೂಟ್‌ಲೋಡರ್ ಬಳಸುವವರು ಕಂಪ್ಯೂಟರ್‌ನಲ್ಲಿ ಇಡೀ ಫೈಲ್‌ನ ಹ್ಯಾಶ್ ತೆಗೆದು ತಾಳೆ ನೋಡಬೇಡಿ. ಹೆಡರ್ ಲೆಕ್ಕದಲ್ಲಿದೆ, ಕೊನೆಯ ಸಹಿಯ ಭಾಗ ಇಲ್ಲ.

ಡೈಜೆಸ್ಟ್ ಪೂರ್ತಿ ಸೊನ್ನೆಯೇ? ಹ್ಯಾಶ್ ಕ್ಲಾಕ್ ಆನ್ ಆಗಿಲ್ಲ.

ಟೈಮ್‌ಔಟ್ ಕೂಡ ಇರಲೇಬೇಕು. ಬೂಟ್‌ಲೋಡರ್‌ನಲ್ಲಿ ಇಂಟರಪ್ಟ್ ಮುಚ್ಚಿದ್ದರೆ ಎಚ್‌ಎಎಲ್ ಟಿಕ್ ಓಡುವುದಿಲ್ಲ, ಅದನ್ನು ನಂಬಿದ ಟೈಮ್‌ಔಟ್ ಎಂದೂ ಮುಗಿಯುವುದಿಲ್ಲ. ಕೋರ್‌ನೊಳಗಿನ ಡಿಡಬ್ಲ್ಯುಟಿ ಸೈಕಲ್ ಕೌಂಟರ್ ಬಳಸಿ. ಅಪ್ಲಿಕೇಶನ್‌ನಿಂದ ರೀಸೆಟ್ ಇಲ್ಲದೆ ನೇರ ಬೂಟ್‌ಲೋಡರ್‌ಗೆ ಜಿಗಿಯುವ ವ್ಯವಸ್ಥೆ ಇದ್ದರೆ ಆರ್‌ಸಿಸಿಯಲ್ಲಿ (ರೀಸೆಟ್ ಮತ್ತು ಕ್ಲಾಕ್ ನಿಯಂತ್ರಣ ಘಟಕ) ಹ್ಯಾಶ್ ಬ್ಲಾಕನ್ನು ಮೊದಲು ರೀಸೆಟ್ ಮಾಡಿ.

ಸಾಫ್ಟ್‌ವೇರ್ ದಾರಿ ಬೇಡವೇ ಬೇಡ ಎನ್ನುವುದಿಲ್ಲ. ಎಂಬೆಡ್ ಟಿಎಲ್‌ಎಸ್ ಎಂಬ ಲೈಬ್ರರಿಯ ಕೋಡ್ ಯಾವ ಚಿಪ್‌ನಲ್ಲೂ ಒಂದೇ ಉತ್ತರ ಕೊಡುತ್ತದೆ. ಬೈಟಿಗೆ 40 ಕ್ಲಾಕ್ ಎಂದು ಹಿಡಿದರೆ ಅದೇ 64 ಮೆಗಾಹರ್ಟ್ಸ್‌ನಲ್ಲಿ 512 ಕೆಬಿಗೆ ಸೆಕೆಂಡಿನ ಮೂರನೇ ಒಂದು ಭಾಗ. ಪೋಲಿಂಗ್ ಬಳಸಿದರೂ ಇದನ್ನು ಡೀಬಗ್ ಬಿಲ್ಡ್‌ನಲ್ಲಿ ಉಳಿಸಿಕೊಳ್ಳಿ: ಎರಡೂ ಹ್ಯಾಶ್ ಒಂದೇ ಆಗಿ ಸಹಿಯ ಜೊತೆ ಹೊಂದದಿದ್ದರೆ ಕೆಟ್ಟಿರುವುದು ಇಮೇಜ್, ಹ್ಯಾಶ್ ಬ್ಲಾಕ್ ಅಲ್ಲ.

ಆ ಸಂದರ್ಭ ನಮ್ಮ ಕಡೆ ಬರುವುದು ವೋಲ್ಟೇಜ್ ಕುಸಿದಾಗ. ಪಕ್ಕದ ಮೋಟರ್‌ಗಳು ಒಟ್ಟಿಗೆ ಶುರುವಾದರೆ ಲೈನ್ ಬೀಳುತ್ತದೆ, ಬಡಪಾಯಿ 3.3 ವೋಲ್ಟ್ ಸಪ್ಲೈಯೂ ಜೊತೆಗೆ ಬೀಳುತ್ತದೆ, ಫ್ಲ್ಯಾಶ್‌ಗೆ ಬರೆಯುತ್ತಿದ್ದ ಇಮೇಜ್ ಅರ್ಧಕ್ಕೆ ಕೆಡುತ್ತದೆ. ಆಪ್ಷನ್ ಬೈಟ್‌ನಲ್ಲಿ ಬ್ರೌನ್‌ಔಟ್ (ವೋಲ್ಟೇಜ್ ಇಳಿದರೆ ಚಿಪ್ಪನ್ನು ರೀಸೆಟ್‌ನಲ್ಲಿ ಹಿಡಿದಿಡುವ ವ್ಯವಸ್ಥೆ) ಹಂತ 3, ಅಂದರೆ ಸುಮಾರು 2.7 ವೋಲ್ಟ್‌ಗೆ ಇಡಿ. ಹಳೆಯ ಇಮೇಜನ್ನು ಇನ್ನೊಂದು ಬ್ಯಾಂಕ್‌ನಲ್ಲಿ ಉಳಿಸಿಕೊಳ್ಳದೆ ಅಪ್‌ಡೇಟ್ ಕಳಿಸಬೇಡಿ.

ಡಿಎಂಎ ದೋಷ ಬೆನ್ನಟ್ಟಲು ಒಳ್ಳೆಯ ಟ್ರೇಸ್ ಪ್ರೋಬ್ ಬೇಕು, ಪೋಲಿಂಗ್‌ಗೆ ನ್ಯೂಕ್ಲಿಯೋ ಬೋರ್ಡ್ ಜೊತೆ ಬರುವ ಎಸ್‌ಟಿ-ಲಿಂಕ್ ಮತ್ತು ಒಂದು ಸೀರಿಯಲ್ ಕೇಬಲ್ ಸಾಕು. ನನ್ನ ಮೇಜಿನ ಮೇಲೆ ಇರುವುದೂ ಅಷ್ಟೇ. ಈಗಾಗಲೇ ಎಚ್743 ತಂದಿಟ್ಟುಕೊಂಡವರು ಚಿಪ್ ಬಿಚ್ಚಿ ಬದಲಿಸಲು ಹೋಗಬೇಡಿ. ಸಾಫ್ಟ್‌ವೇರ್ ಹ್ಯಾಶ್ ಹಾಕಿ, ಪಂಪ್ ಸೆಕೆಂಡಿನ ಮೂರನೇ ಒಂದು ಭಾಗದಷ್ಟು ತಡವಾಗಿ ಶುರುವಾದರೆ ಗದ್ದೆಗೆ ಏನೂ ಆಗುವುದಿಲ್ಲ. ಮುಂದಿನ ಆರ್ಡರ್‌ನಲ್ಲಿ 753 ಬರೆಸಿ.